ಫಾರ್ಮಾಲಿನ್ ವಾಸನೆ ಅಭ್ಯಾಸವಾಗಿದೆ, ಇನ್ನು ತೊಂದರೆ ಇಲ್ಲ ಅಲ್ವಾ?

ಪ್ರಶ್ನೆ: ಪೆಥಾಲಜಿ ಲ್ಯಾಬ್‌ನಲ್ಲಿ ಟೆಕ್ನೀಷಿಯನ್ ಆಗಿದ್ದೇನೆ. ಹೊಸತರಲ್ಲಿ ಫಾರ್ಮಾಲಿನ್ ಡಬ್ಬ ತೆರೆದರೆ ಸಾಕು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಈಗ ವಾಸನೆಯೇ ಗೊತ್ತಾಗುವುದಿಲ್ಲ. ದೇಹ ಒಗ್ಗಿಕೊಂಡಿದೆ ಎಂದು ಸೀನಿಯರ್‌ಗಳು ಹೇಳುತ್ತಾರೆ. ನಿಜವೇ?

ಒಗ್ಗಿಕೊಂಡಿರುವುದು ನಿಮ್ಮ ಮೂಗು ಮಾತ್ರ. ಊದುಬತ್ತಿ ಹಚ್ಚಿದ ಕೋಣೆಯಲ್ಲಿ ಸ್ವಲ್ಪ ಹೊತ್ತು ಕೂತರೆ ಪರಿಮಳ ತಿಳಿಯುವುದಿಲ್ಲ, ಹೊರಗಿಂದ ಬಂದವರಿಗೆ ಘಮ್ ಎನ್ನುತ್ತದೆ. ಇದೂ ಹಾಗೇ. ಫಾರ್ಮಾಲಿನ್ ಎಂದರೆ ನೀರಿನಲ್ಲಿ ಕರಗಿಸಿದ ಫಾರ್ಮಾಲ್ಡಿಹೈಡ್ ಎಂಬ ಅನಿಲ. ಗಾಳಿಯಲ್ಲಿರುವ ಫಾರ್ಮಾಲ್ಡಿಹೈಡ್ ಮೊದಲಿನಷ್ಟೇ ಇರುತ್ತದೆ.

ವಾಸನೆ ಬಂದಾಗಲೂ ಅದನ್ನು ನಂಬಿ ಕೂರುವಂತಿಲ್ಲ. ಹಲವರ ಮೂಗಿಗೆ ಅದು ತಿಳಿಯುವುದು ಗಾಳಿಯಲ್ಲಿ 0.5ರಿಂದ 1 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ ಒಂದು ಭಾಗ ಎಂದರೆ 1 ಪಿಪಿಎಂ) ಇದ್ದಾಗ. ಕೆಲಸದ ಜಾಗದ ಸುರಕ್ಷತೆಯ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆ 15 ನಿಮಿಷಕ್ಕೆ ಸೂಚಿಸಿರುವ ಮಿತಿ 0.1 ಪಿಪಿಎಂ. ಅಂದರೆ ಮೂಗು ಎಚ್ಚರಿಸುವ ಹೊತ್ತಿಗೆ ಆ ಗೆರೆ ದಾಟಿರುತ್ತದೆ. ಅಲ್ಲಿನ ಕಾನೂನಿನ ಮಿತಿ ಇಷ್ಟು ಬಿಗಿಯಲ್ಲ: 8 ಗಂಟೆಯ ಸರಾಸರಿ 0.75 ಪಿಪಿಎಂ.

ನೀವು ದಿನಾ ಮಾಡುವ ಕೆಲಸದ ಮೂಲದಲ್ಲೇ ಒಂದು ಸುಳಿವಿದೆ. 1893ರಲ್ಲಿ ಜರ್ಮನಿಯ ವೈದ್ಯ ಫರ್ಡಿನಾಂಡ್ ಬ್ಲೂಮ್ ಫಾರ್ಮಾಲಿನ್ ರೋಗಾಣು ಕೊಲ್ಲುತ್ತದೆಯೇ ಎಂದು ಪರೀಕ್ಷಿಸುತ್ತಿದ್ದರು. ಅವರ ಬೆರಳ ತುದಿಯ ಚರ್ಮವೇ ಗಟ್ಟಿಯಾಯಿತು. ಅಂಗಾಂಶವನ್ನು ಕೆಡದಂತೆ ಇಡಲು ಇದನ್ನು ಬಳಸಬಹುದು ಎಂದು ಹೊಳೆದದ್ದು ಹಾಗೆ. ಫಾರ್ಮಾಲ್ಡಿಹೈಡ್ ಪ್ರೋಟೀನ್‌ಗಳನ್ನು ಒಂದಕ್ಕೊಂದು ಕಟ್ಟಿಹಾಕುತ್ತದೆ. ಬಯಾಪ್ಸಿಯ ತುಣುಕು ಯಾವುದು, ನಿಮ್ಮ ಮೂಗಿನ ಒಳಪದರ ಯಾವುದು ಎಂದು ಅದು ನೋಡುವುದಿಲ್ಲ.

ಒಂದು ಸಮಾಧಾನ ಇದೆ. ಇದು ದೇಹದಲ್ಲಿ ಶೇಖರವಾಗುವ ವಿಷವಲ್ಲ. ನಮ್ಮ ದೇಹವೇ ಇದನ್ನು ಸ್ವಲ್ಪ ತಯಾರಿಸುತ್ತದೆ, ರಕ್ತಕ್ಕೆ ಸೇರಿದ್ದನ್ನು ನಿಮಿಷಗಳಲ್ಲೇ ಒಡೆದುಹಾಕುತ್ತದೆ. ಹೊಡೆತ ಬೀಳುವುದು ಮೊದಲು ತಾಗುವ ಜಾಗಕ್ಕೆ: ಕಣ್ಣು, ಮೂಗು, ಗಂಟಲು, ಚರ್ಮ. ಕೆಲವರ ದೇಹ ಒಗ್ಗಿಕೊಳ್ಳುವುದಕ್ಕೆ ಸರಿಯಾಗಿ ಉಲ್ಟಾ ಮಾಡುತ್ತದೆ. ವರ್ಷಗಟ್ಟಲೆ ಏನೂ ಆಗದೆ, ಒಮ್ಮೆ ಅಲರ್ಜಿ ಶುರುವಾದರೆ ಆಮೇಲೆ ಚೂರು ಸೋಕಿದರೂ ಕೈ ತುರಿಕೆ, ಉಬ್ಬಸ. ರಜೆಯಲ್ಲಿ ಕಡಿಮೆಯಾಗಿ ಡ್ಯೂಟಿಗೆ ಬಂದ ಕೂಡಲೇ ಮರಳುವ ಕೆಮ್ಮನ್ನು ಸುಮ್ನೆ ನೆಗಡಿ ಎಂದು ಬಿಡಬೇಡಿ. ಏನು ಕೆಲಸ ಮಾಡುತ್ತೀರಿ ಎಂಬುದನ್ನೂ ಡಾಕ್ಟರಿಗೆ ಹೇಳಿ.

ಕ್ಯಾನ್ಸರ್ ವಿಷಯ ಮುಚ್ಚಿಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತು ಎಂದು ತೀರ್ಮಾನಿಸಿತು. ಆಗ ಹೇಳಿದ್ದು ಮೂಗಿನ ಹಿಂಭಾಗದ ಕ್ಯಾನ್ಸರ್ ಬಗ್ಗೆ, 2009ರಲ್ಲಿ ರಕ್ತದ ಕ್ಯಾನ್ಸರ್ ಕೂಡ ಸೇರಿತು. ಲ್ಯಾಬ್‌ನಲ್ಲಿರುವವರಿಗೆಲ್ಲ ಬರುತ್ತದೆ ಎಂದಲ್ಲ. ಎಷ್ಟು ಉಸಿರಾಡಿದಿರಿ, ಎಷ್ಟು ವರ್ಷ ಎಂಬುದರ ಮೇಲೆ ಅಪಾಯ ನಿಂತಿದೆ.

ಹಾಗಾದರೆ ಮಾಸ್ಕ್? ಸರ್ಜಿಕಲ್ ಮಾಸ್ಕ್, ಎನ್‌-95 ಎರಡೂ ಈ ಅನಿಲವನ್ನು ತಡೆಯುವುದಿಲ್ಲ. ಫಾರ್ಮಾಲ್ಡಿಹೈಡ್‌ಗೆಂದೇ ಮಾಡಿದ ಕಾರ್ಟ್ರಿಡ್ಜ್ ಇರುವ ರೆಸ್ಪಿರೇಟರ್ ಬೇಕು. ಆದರೆ ಮೊದಲು ಸರಿಯಾಗಬೇಕಾದ್ದು ಗಾಳಿಯ ದಾರಿ. ಗೋಡೆಯ ಮೇಲ್ಗಡೆ ಎಕ್ಸಾಸ್ಟ್ ಫ್ಯಾನ್ ಇದ್ದರೆ, ಅಂಗಾಂಶ ಕತ್ತರಿಸುವ ಗ್ರಾಸಿಂಗ್ ಟೇಬಲ್‌ನಿಂದ ಏಳುವ ಆವಿ ನಿಮ್ಮ ಮುಖದ ಮುಂದೆಯೇ ಹಾದುಹೋಗುತ್ತದೆ. ಟೇಬಲ್ ಮಟ್ಟದಲ್ಲೇ ಅದನ್ನು ಎಳೆದುಕೊಳ್ಳುವ ವ್ಯವಸ್ಥೆ ಬೇಕು. ಸ್ಪ್ಲಿಟ್ ಎಸಿ ಹಾಕಿದರೆ ತಂಪಾಗುತ್ತದೆ ಅಷ್ಟೇ, ಅದೇ ಗಾಳಿ ಸುತ್ತುತ್ತಿರುತ್ತದೆ. ಕೈಗೆ ತೆಳು ಲ್ಯಾಟೆಕ್ಸ್ ಬದಲು ನೈಟ್ರೈಲ್ ಗ್ಲೌಸ್ ಹಾಕಿ, ಒದ್ದೆಯಾದರೆ ಬದಲಿಸಿ.

ನನಗೆ ಜಾಸ್ತಿ ಚಿಂತೆ ಇರುವುದು ಹೌಸ್‌ಕೀಪಿಂಗ್‌ನವರ ಬಗ್ಗೆ. ಫಾರ್ಮಾಲಿನ್‌ನಲ್ಲಿ ಅಂಗಾಂಶ ಇಟ್ಟಿದ್ದ ಹಳೆಯ ಸ್ಪೆಸಿಮನ್ ಬಕೆಟ್‌ಗಳನ್ನು ಖಾಲಿ ಮಾಡುವಾಗ ಆವಿ ಒಮ್ಮೆಲೇ ಏರುತ್ತದೆ. ಆ ಕೆಲಸ ಬೀಳುವುದು ಎಷ್ಟೋ ಕಡೆ ಅವರ ಮೇಲೆ. ಅದು ಏನೆಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಚೆಲ್ಲಿದ ಫಾರ್ಮಾಲಿನ್ ಮೇಲೆ ಬ್ಲೀಚಿಂಗ್ ದ್ರಾವಣ ಸುರಿಯಬಾರದು, ವಿಷಾನಿಲ ಏಳಬಹುದು. ಇದನ್ನು ಅವರಿಗೆ ಕನ್ನಡದಲ್ಲಿ ಹೇಳಿ, ಗೋಡೆಗೂ ಬರೆದು ಅಂಟಿಸಿ.

ಕೊನೆಗೆ, ಗಾಳಿಯನ್ನು ಅಳೆಸಿ ಎಂದು ಮೇಲಿನವರನ್ನು ಕೇಳಿ. ಕಾಲರ್‌ಗೆ ಸಿಕ್ಕಿಸಿಕೊಳ್ಳುವ ಚಿಕ್ಕ ಬ್ಯಾಡ್ಜ್ ಸಿಗುತ್ತದೆ, ಅದನ್ನು ಆಮೇಲೆ ಲ್ಯಾಬ್‌ಗೆ ಕಳಿಸಿದರೆ ಲೆಕ್ಕ ಬರುತ್ತದೆ. ಕೆಲಸ ಕಡಿಮೆ ಇರುವ ದಿನ ಬೇಡ. ಬಕೆಟ್ ಖಾಲಿ ಮಾಡುವ ದಿನವೇ ಹಾಕಿಕೊಳ್ಳಿ, ಬಕೆಟ್ ಎತ್ತುವವರಿಗೂ ಒಂದು ಕೊಡಿಸಿ.