ಫ್ಯಾಟಿ ಇನ್‌ಫಿಲ್ಟ್ರೇಶನ್: ಭುಜದ ಶಸ್ತ್ರಚಿಕಿತ್ಸೆಯ ಕಾಲವನ್ನು ಹೇಳುವ ಪದ

ಭುಜದ ಎಂಆರ್‌ಐ ವರದಿಯಲ್ಲಿ ‘ಟೆಂಡನ್ ಹರಿದಿದೆ’ ಎಂಬ ಸಾಲನ್ನು ಓದಿ ಗಾಬರಿಯಾಗುವವರು ಅದರ ಕೆಳಗೆ ಬರುವ ‘ಫ್ಯಾಟಿ ಇನ್‌ಫಿಲ್ಟ್ರೇಶನ್’ ಎಂಬ ಮಾತಿನ ಕಡೆ ಸಾಮಾನ್ಯವಾಗಿ ಗಮನ ಕೊಡುವುದಿಲ್ಲ. ಸ್ನಾಯುವಿನ ಎಳೆಗಳ ನಡುವೆ ಕೊಬ್ಬು ಸೇರಿಕೊಳ್ಳುವುದು ಎಂದು ಇದರ ಅರ್ಥ. ಶಸ್ತ್ರಚಿಕಿತ್ಸೆಯನ್ನು ಎಷ್ಟು ಬೇಗ ಮಾಡಿಸಬೇಕು, ಮಾಡಿಸಿದರೆ ತೋಳಿಗೆ ಎಷ್ಟು ಬಲ ಮರಳೀತು ಎಂಬ ಪ್ರಶ್ನೆಗಳಿಗೆ ನೋವಿನ ತೀವ್ರತೆಗಿಂತ ಈ ಪದವೇ ಹೆಚ್ಚು ನಂಬಬಹುದಾದ ಉತ್ತರ ಕೊಡುತ್ತದೆ.

ತೋಳುಮೂಳೆಯ ಗುಂಡು ತಲೆಯನ್ನು ಹೆಗಲಿನ ಆಳವಿಲ್ಲದ ಗುಳಿಯಲ್ಲಿ ಹಿಡಿದಿಡುವ ನಾಲ್ಕು ಸ್ನಾಯುಗಳಿಗೆ ಮತ್ತು ಅವುಗಳ ರಜ್ಜುಗಳಿಗೆ, ಅಂದರೆ ಟೆಂಡನ್‌ಗಳಿಗೆ, ಒಟ್ಟಾಗಿ ರೊಟೇಟರ್ ಕಫ್ ಎಂದು ಹೆಸರು. ಇವುಗಳಲ್ಲಿ ಹೆಚ್ಚಾಗಿ ಹರಿಯುವುದು ಮೇಲ್ಭಾಗದ ಸುಪ್ರಾಸ್ಪೈನೇಟಸ್‌ನ ರಜ್ಜು. ಆಡುಮಾತಿನಲ್ಲಿ ‘ಭುಜದ ನರ ಹರಿದಿದೆ’ ಎನ್ನುವುದುಂಟು. ಹರಿದದ್ದು ನರವಲ್ಲ, ಸ್ನಾಯುವನ್ನು ಮೂಳೆಗೆ ಕಟ್ಟಿದ ಹಗ್ಗ.

ಆ ಹಗ್ಗ ಪೂರ್ತಿ ಕಡಿದಾಗ ಸ್ನಾಯುವಿಗೆ ಎಳೆತ ತಪ್ಪುತ್ತದೆ. ತುದಿ ಹಿಂದಕ್ಕೆ ಸರಿಯುತ್ತದೆ, ಎಳೆಗಳು ಸೊರಗುತ್ತವೆ, ಉಳುಮೆ ನಿಂತ ಹೊಲದಲ್ಲಿ ಕಳೆ ಏಳುವಂತೆ ಅವುಗಳ ನಡುವೆ ಕೊಬ್ಬು ತುಂಬತೊಡಗುತ್ತದೆ. ಹೊಲದ ಕಳೆಯನ್ನಾದರೂ ಕೀಳಬಹುದು. ಈ ಕೊಬ್ಬು ಮಾತ್ರ, ರಜ್ಜುವನ್ನು ಎಷ್ಟೇ ಚೆನ್ನಾಗಿ ಹೊಲಿದರೂ, ಬಹುಮಟ್ಟಿಗೆ ಹಿಂದೆ ಸರಿಯುವುದಿಲ್ಲ. ಫ್ರಾನ್ಸಿನ ಮೂಳೆ ಶಸ್ತ್ರಚಿಕಿತ್ಸಕ ಗುಟಾಲಿಯೆ ಮತ್ತು ಸಂಗಡಿಗರು 1994ರಲ್ಲಿ ಸಿಟಿ ಸ್ಕ್ಯಾನ್ ಆಧರಿಸಿ ಇದನ್ನು 0ರಿಂದ 4ರವರೆಗೆ ಅಳೆಯುವ ಕ್ರಮವನ್ನು ಪ್ರಕಟಿಸಿದರು: 2ನೆಯ ಹಂತದಲ್ಲಿ ಕೊಬ್ಬಿಗಿಂತ ಸ್ನಾಯು ಹೆಚ್ಚು, 3ರಲ್ಲಿ ಸಮಸಮ, 4ರಲ್ಲಿ ಸ್ನಾಯುವಿಗಿಂತ ಕೊಬ್ಬೇ ಹೆಚ್ಚು. ಇಂದು ಇದೇ ಅಳತೆಯನ್ನು ಎಂಆರ್‌ಐಗೂ ಬಳಸುತ್ತಾರೆ.

ಹಾಗೆಂದು ಹರಿದ ಭುಜಗಳಿಗೆಲ್ಲ ತುರ್ತು ಇಲ್ಲ. ವಯಸ್ಸಾದಂತೆ ಸವೆದು ಹರಿಯುವ ರಜ್ಜು ಅರವತ್ತು ದಾಟಿದ ಅನೇಕರಲ್ಲಿ ಯಾವ ನೋವನ್ನೂ ಕೊಡದೆ ಇರುತ್ತದೆ. ಅಂಥಲ್ಲಿ ಮೊದಲು ಕೆಲವು ತಿಂಗಳು ಫಿಸಿಯೋಥೆರಪಿ ಮಾಡಿ ನೋಡುವುದೇ ವಿವೇಕ. ನಿನ್ನೆಯವರೆಗೆ ಸರಿಯಾಗಿದ್ದ ಭುಜ ಬೈಕಿನಿಂದ ಬಿದ್ದ ಮೇಲೆ ಇದ್ದಕ್ಕಿದ್ದಂತೆ ಮೇಲೇಳದಿದ್ದರೆ ಲೆಕ್ಕ ಬೇರೆ. ಎಕ್ಸ್‌ರೇಯಲ್ಲಿ ರಜ್ಜು ಕಾಣುವುದಿಲ್ಲವಾದ್ದರಿಂದ ‘ಮೂಳೆ ಮುರಿದಿಲ್ಲ’ ಎಂಬ ಸಮಾಧಾನದಲ್ಲಿ ಎಣ್ಣೆ ತಿಕ್ಕಿಸಿಕೊಂಡು ಕಾಲ ಕಳೆಯುವವರಿದ್ದಾರೆ. ನೋವು ಇಳಿಯುತ್ತ ಬರುವುದರಿಂದ ವಾಸಿಯಾಯಿತೆಂದೂ ಅನಿಸುತ್ತದೆ. ಪೂರ್ತಿ ಕಡಿದ ರಜ್ಜು ತಾನಾಗಿ ಮೂಳೆಗೆ ಮರಳಿ ಅಂಟುವುದಿಲ್ಲ. ಇಂಥ ಗಾಯವನ್ನು ಮೊದಲ ಮೂರು ನಾಲ್ಕು ತಿಂಗಳೊಳಗೆ ಹೊಲಿಯಲು ಅನೇಕ ಶಸ್ತ್ರಚಿಕಿತ್ಸಕರು ಬಯಸುವುದು ತುದಿ ದೂರ ಸರಿಯುವ ಮೊದಲು, ಕೊಬ್ಬು ತುಂಬುವ ಮೊದಲು ಕೈಹಾಕಬೇಕೆಂಬ ಕಾರಣಕ್ಕೆ. ಭುಜ ಬಿಗಿದುಕೊಂಡಿದ್ದರೆ ಮಾತ್ರ ಮೊದಲು ಅದನ್ನು ಸಡಿಲಿಸಲು ಕಾಯುವುದುಂಟು.

ಹೊಲಿಗೆಯ ನಂತರ ನಾಲ್ಕರಿಂದ ಆರು ವಾರ ತೋಳುಜೋಲಿ, ರಜ್ಜು ಮೂಳೆಗೆ ಕೂಡಿಕೊಳ್ಳಲು ಸುಮಾರು ಮೂರು ತಿಂಗಳು, ಭಾರದ ಕೆಲಸಕ್ಕೆ ಆರು ತಿಂಗಳವರೆಗೆ ಎಂಬ ಗಡಿಯಾರ ಬೇಗ ಬಂದವರಿಗೂ ತಡವಾಗಿ ಬಂದವರಿಗೂ ಬಹುತೇಕ ಒಂದೇ. 3 ಅಥವಾ 4ನೆಯ ಹಂತ ತಲುಪಿದ ಸ್ನಾಯುವಿನಲ್ಲಿ ಹೊಲಿಗೆ ಮತ್ತೆ ಬಿಟ್ಟುಕೊಳ್ಳುವ ಸಂಭವ ಹೆಚ್ಚು, ಕೂಡಿಕೊಂಡರೂ ಬಲ ಕಡಿಮೆ. ಹೊಲಿಯಲಾಗದಷ್ಟು ದೊಡ್ಡದಾಗಿ ರಜ್ಜು ಹರಿದಿರುವ ಹಿರಿಯರಲ್ಲಿ ಕೀಲಿನ ಗುಂಡು ಮತ್ತು ಗುಳಿಯ ಸ್ಥಾನಗಳನ್ನೇ ಅದಲುಬದಲು ಮಾಡುವ ‘ರಿವರ್ಸ್’ ಕೃತಕ ಕೀಲನ್ನು ಜೋಡಿಸುತ್ತಾರೆ. ಆಗ ತೋಳನ್ನೆತ್ತುವ ಕೆಲಸವನ್ನು ಸೊರಗಿದ ಕಫ್‌ನ ಬದಲು ಹೆಗಲ ಹೊರಗಿನ ಡೆಲ್ಟಾಯ್ಡ್ ಸ್ನಾಯು ವಹಿಸಿಕೊಳ್ಳುತ್ತದೆ.