ಗುಳೇದಗುಡ್ಡದ ಕೆಂಪು ದಾರ ಎಲ್‌ಇಡಿ ಕೆಳಗ ಯಾಕ ಮಂಕ ಆತು

ಗುಳೇದಗುಡ್ಡದ ಖಣ, ಅಂದ್ರ ಕುಪ್ಪಸದ ಬಟ್ಟಿ, ನೇಯೋ ಕಾಕಾ ಒಬ್ರು ಫೋನ್ ಹಚ್ಚಿದ್ರು. "ತಮ್ಮಾ, ಹಳೇ ಬಲ್ಬ್ ತಗದು ಎಲ್‌ಇಡಿ ಹಾಕಿದಾಗಿಂದ ಕೆಂಪು ದಾರ ಕಳೆನೇ ಇಲ್ದಂಗ ಕಾಣ್ತೈತಿ, ಹೊರಗ ಬಿಸಿಲಿಗೆ ಒಯ್ದ್ರ ಛಲೋ ಐತಿ, ಬಣ್ಣ ಹಾಕಾಂವ ಮೋಸ ಮಾಡ್ಯಾನೇನು?" ನಾ ಬಾಗಲಕೋಟ್ಯಾಗ ಲೈಟಿಂಗ್ ಕೆಲಸ ಮಾಡಾಂವ, ಹೋಗಿ ನೋಡ್ದೆ. ಬಣ್ಣದಾಂವಂದು ಏನೂ ತಪ್ಪಿರಲಿಲ್ಲ.

ಬಿಳಿ ಎಲ್‌ಇಡಿ ಒಳಗ ಬಿಳಿ ಬೆಳಕು ಹುಟ್ಟೂದೇ ಇಲ್ರಿ. ಒಳಗಿರೋ ಇಂಡಿಯಂ ಗ್ಯಾಲಿಯಂ ನೈಟ್ರೈಡ್ ಚಿಪ್ ಕೊಡೂದು ಸುಮಾರು 450 ನ್ಯಾನೋಮೀಟರ್ ಅಲೆಯುದ್ದದ ನೀಲಿ ಬೆಳಕು, ಈ ನೀಲಿ ಎಲ್‌ಇಡಿ ಸಲುವಾಗೇ 2014ರಾಗ ಅಕಾಸಾಕಿ, ಅಮಾನೋ, ನಾಕಾಮುರಾ ಮೂವರಿಗೆ ನೊಬೆಲ್ ಬಂತು. ಚಿಪ್ ಮ್ಯಾಲ ಹಳದಿ ಪುಡಿ ಹಚ್ಚಿರ್ತಾರ, ಅದು ಸ್ವಲ್ಪ ನೀಲಿ ನುಂಗಿ ಹಳದಿ ಉಗುಳ್ತೈತಿ, ಉಳಿದ ನೀಲಿ ಈ ಹಳದಿ ಎರಡೂ ಕೂಡಿ ನಮ್ಮ ಕಣ್ಣಿಗೆ ಬಿಳಿ.

ಆ ಪುಡಿ ಇಟ್ರಿಯಂ, ಅಲ್ಯುಮಿನಿಯಂ, ಆಕ್ಸಿಜನ್‌ದ್ದು, ಜೊತಿಗೆ ಚಿಟಿಕೆ ಸೀರಿಯಂ. ಹರಳಿನ ಜಾತಿ ಗಾರ್ನೆಟ್, ಅಂದ್ರ ಉಂಗುರದಾಗಿನ ಗೋಮೇಧಕದ ಮನೆತನ. ನನಗ ಭಾಳ ಸೇರೂದು ಇದನ್ರಿ: ಇವೇ ಮೂರು ಧಾತು ಬ್ಯಾರೆ ಅಳತಿಯೊಳಗ ಕೂಡಿ ಪೆರೋವ್‌ಸ್ಕೈಟ್ ಅನ್ನೋ ಇನ್ನೊಂದು ಜಾತಿ ಜೋಡಣಿಯ ಹರಳಾದ್ರ, ಅದೇ ಸೀರಿಯಂ ಹಳದಿ ಬಿಟ್ಟು ಕಣ್ಣಿಗೆ ಕಾಣದ ಅತಿನೇರಳೆ ಕಡೆ ಬೆಳಕು ಕೊಡ್ತೈತಿ! ಸುತ್ತ ಕುಂತ ಅಣುಗಳ ಸಾಲು ಬದಲಾದ್ರ ಬಣ್ಣಾನೇ ಬದಲು. ಈಗ ಎಲ್ಲಾ ಕಡೆ ಪೆರೋವ್‌ಸ್ಕೈಟ್‌ದೇ ಸುದ್ದಿ, ಸೀಸ ಇರೋ ಆ ಹೊಸ ಜಾತಿ ಭಾಳ ಶುದ್ಧ ಬಣ್ಣ ಕೊಡ್ತೈತಿ ಖರೆ, ಆದ್ರ ಹಸಿ, ಕಾವು ತಡಿಯೂದಿಲ್ಲ, ನಮ್ಮ ಮನಿ ಬಲ್ಬಿನಾಗ ವರ್ಷಗಟ್ಲೆ ದುಡ್ಯೂದು ಈ ಗಾರ್ನೆಟ್ಟೇ.

ಅದಕ್ಕೊಂದು ಕೊರತಿ ಐತಿ. ಅದರ ಬೆಳಕಿನಾಗ ಗಾಢ ಕೆಂಪು ಕಡಿಮಿ. ಕೆಂಪು ದಾರ ಕೆಂಪನ್ನಷ್ಟ ತಿರುಗಿಸಿ ಕೊಡೂದು, ದೀಪದಾಗೇ ಇಲ್ಲಂದ್ರ ಎಲ್ಲಿಂದ ಕೊಡ್ಬೇಕು? ಹಳೇ ತಂತಿ ಬಲ್ಬಿನಾಗ ಕೆಂಪಿಗೇನೂ ಬರ ಇರಲಿಲ್ಲ, ಅದಕ್ಕ ಕಾಕಾಗ ಮೊದಲು ಈ ತ್ರಾಸ ಗೊತ್ತಾಗಿದ್ದಿಲ್ಲ.

ಯುರೋಪಿಯಂ ಬೆರೆಸಿದ ನೈಟ್ರೈಡ್ ಪುಡಿ ಅಂತ ಬರ್ತೈತಿ, ಅದು ಕೆಂಪು ಕೊಡ್ತೈತಿ. ಅದನ್ನ ಸೇರಿಸಿದ ದೀಪದ ಡಬ್ಬಿ ಮ್ಯಾಲ ಸಿಆರ್‌ಐ 90 ಅಥವಾ ಹೆಚ್ಚು ಅಂತ ಬರ್ದಿರ್ತಾರ, ದೀಪ ಬಣ್ಣಗಳನ್ನ ಎಷ್ಟು ಖರೆ ತೋರಿಸ್ತೈತಿ ಅನ್ನೋ ಅಳತಿ ಅದು, 100 ಅಂದ್ರ ಪೂರಾ. ಅಷ್ಟಕ್ಕ ಬಿಡಬ್ಯಾಡ್ರಿ, ಆರ್9 ಎಷ್ಟೈತಿ ಅಂತ ಕೇಳ್ರಿ, ಗಾಢ ಕೆಂಪಿನ ಲೆಕ್ಕ ಅದು, ಸಿಆರ್‌ಐ 80ರ ಬಲ್ಬಿನಾಗ ಎಷ್ಟೋ ಸಲ ಸೊನ್ನಿ ಹತ್ರ ಇರ್ತೈತಿ. ರೊಕ್ಕ ಜಾಸ್ತಿ, ಅಡಿಗಿ ಮನಿಗೆ ಬ್ಯಾಡ, ಮಗ್ಗದ ಮ್ಯಾಲಂತೂ ಬೇಕೇ ಬೇಕು.

ಕಾಕಾನ ಮಗ್ಗದ ಮ್ಯಾಲ ಅಂಥಾವು ಎರಡು ಹಾಕಿ ಕೊಟ್ಟೆ. ಕಾಕಾ ಒಂದು ಲಡಿ ಕೈಯಾಗ ಹಿಡಿದು, ಬಾಗಿಲಿಗೆ ಹೋಗಿ ಬಿಸಿಲಾಗ ನೋಡಿ, ಮತ್ತ ಒಳಗ ಬಂದು ನೋಡಿ, "ಈಗ ಒಂದೇ ಆತು ನೋಡು" ಅಂದ್ರು.