ಟ್ರೈನೀ ಮೆರೈನ್ ಪೈಲಟ್ ಆಗಲು ಏನೇನು ಅರ್ಹತೆ ಬೇಕು?

ಬಂದರು, ನದಿ, ಕಾಲುವೆಯಂಥ ಇಕ್ಕಟ್ಟಾದ ನೀರಿನಲ್ಲಿ ಹಡಗಿಗೆ ದಾರಿ ತೋರಿಸುವವರು ಮೆರೈನ್ ಪೈಲಟ್. ಹೊರಗಿನಿಂದ ಬಂದ ಹಡಗನ್ನು ಹತ್ತಿ, ಕ್ಯಾಪ್ಟನ್ ಪಕ್ಕದಲ್ಲಿ ನಿಲ್ಲುತ್ತಾರೆ. ಎಲ್ಲಿ ತಿರುಗಬೇಕು, ಎಷ್ಟು ವೇಗ ಬೇಕು, ಹಡಗನ್ನು ಎಳೆಯುವ ಪುಟ್ಟ ದೋಣಿ, ಅಂದರೆ ಟಗ್, ಯಾವ ಕಡೆ ಎಳೆಯಬೇಕು ಅಂತ ಹೇಳುತ್ತಾರೆ. ಈ ಕೆಲಸ ಕಲಿಯಲು ಸೇರುವವರೇ ಟ್ರೈನೀ ಪೈಲಟ್.

ಹಾಗಂತ ಸಮುದ್ರಕ್ಕೆ ಹೊಸಬರನ್ನು ಸುಮ್ನೆ ಸೇರಿಸಿಕೊಳ್ಳುವುದಿಲ್ಲ. ಎಷ್ಟೋ ಬಂದರುಗಳು ಮಾಸ್ಟರ್ ಸರ್ಟಿಫಿಕೇಟ್ ಕೇಳುತ್ತವೆ. ಅಂದರೆ, ಹಡಗಿನ ಕ್ಯಾಪ್ಟನ್ ಆಗುವ ಅರ್ಹತೆ ಆಗಲೇ ಕೈಯಲ್ಲಿರಬೇಕು! ಕೆಡೆಟ್ ಆಗಿ ಸೇರಿ, ಡೆಕ್ ಆಫೀಸರ್ ಆಗಿ, ಚೀಫ್ ಮೇಟ್ ಆಗಿ, ಪರೀಕ್ಷೆಗಳನ್ನೆಲ್ಲ ಪಾಸು ಮಾಡಿ ಅಲ್ಲಿಗೆ ತಲುಪಲು ವರ್ಷಗಳೇ ಹಿಡಿಯುತ್ತವೆ. ಕೆಲವು ಕಡೆ ಇದಕ್ಕಿಂತ ಕೆಳಗಿನ ಸರ್ಟಿಫಿಕೇಟ್ ಇದ್ದರೂ ಆಗುತ್ತದೆ.

ಜಗತ್ತಿಗೆಲ್ಲ ಒಂದೇ ನಿಯಮ ಇಲ್ಲ. ಪೈಲಟ್‌ಗಳ ತರಬೇತಿ ಹೇಗಿರಬೇಕು ಅಂತ ಅಂತರರಾಷ್ಟ್ರೀಯ ಕಡಲ ಸಂಸ್ಥೆ 2003ರಲ್ಲಿ ಶಿಫಾರಸು ಮಾಡಿದೆ. ಯಾರನ್ನು ಸೇರಿಸಿಕೊಳ್ಳಬೇಕು ಅನ್ನುವುದನ್ನು ಆಯಾ ಜಾಗದ ಪ್ರಾಧಿಕಾರಕ್ಕೇ ಬಿಟ್ಟಿದೆ. ಇದು ಸರಿಯಾದದ್ದೇ. ಒಂದು ಬಂದರಿನ ಮರಳದಿಬ್ಬ, ನೀರಿನ ಸೆಳೆತ ಇನ್ನೊಂದರಲ್ಲಿ ಇರುವುದಿಲ್ಲ ಅಲ್ವಾ?

ವೈದ್ಯಕೀಯ ಪರೀಕ್ಷೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಕಿವಿ ಚುರುಕಾಗಿರಬೇಕು, ಬಣ್ಣ ಸರಿಯಾಗಿ ಕಾಣಬೇಕು. ರಾತ್ರಿ ಎದುರಿನ ಹಡಗು ಯಾವ ಕಡೆಗೆ ಹೊರಟಿದೆ ಅಂತ ತಿಳಿಸುವುದೇ ಅದರ ಕೆಂಪು, ಹಸಿರು, ಬಿಳಿ ದೀಪಗಳು. ಇನ್ನು ಹಡಗು ಹತ್ತುವುದು. ಹಡಗು ಚಲಿಸುತ್ತಿರುವಾಗಲೇ, ಅಲೆಗೆ ಏರಿಳಿಯುವ ದೋಣಿಯಿಂದ ಹಗ್ಗದ ಏಣಿಗೆ ಕಾಲಿಡಬೇಕು. ಆ ಏಣಿಯಲ್ಲಿ 9 ಮೀಟರ್‌ವರೆಗೂ ಹತ್ತಬೇಕಾಗಬಹುದು. ಅದಕ್ಕಿಂತ ಎತ್ತರವಾದರೆ ಹಡಗಿನ ಪಕ್ಕದ ಮೆಟ್ಟಿಲನ್ನೂ ಜೊತೆಗೆ ಇಳಿಸಬೇಕು. ಏಣಿಯಿಂದ ಬಿದ್ದು ಪ್ರಾಣ ಕಳೆದುಕೊಂಡ ಪೈಲಟ್‌ಗಳಿದ್ದಾರೆ. ಅದಕ್ಕೇ ನನ್ನ ಪ್ರಕಾರ ಸರ್ಟಿಫಿಕೇಟ್‌ನಷ್ಟೇ ಮುಖ್ಯ ದೇಹದ ಕಸುವು.

ಆಯ್ಕೆಯಾದ ಮೇಲೆ ಅನುಭವಿ ಪೈಲಟ್ ಜೊತೆ ಹಗಲು, ರಾತ್ರಿ, ಉಬ್ಬರ, ಇಳಿತ ಎಲ್ಲದರಲ್ಲೂ ಓಡಾಡಬೇಕು. ಸಿಮ್ಯುಲೇಟರ್ ಅಭ್ಯಾಸವೂ ಇರುತ್ತದೆ. ಅಮೆರಿಕದಲ್ಲಂತೂ ಪೈಲಟ್ ಪರೀಕ್ಷೆಗೆ ಆ ಜಲಮಾರ್ಗದ ನಕ್ಷೆಯನ್ನು ನೆನಪಿನಿಂದಲೇ ಬಿಡಿಸಿ ತೋರಿಸುವ ಪದ್ಧತಿ ಇದೆ. ಸಾಮಾನ್ಯವಾಗಿ ಲೈಸೆನ್ಸ್ ಸಿಕ್ಕ ಹೊಸತರಲ್ಲಿ ಚಿಕ್ಕ ಹಡಗುಗಳನ್ನಷ್ಟೇ ಕೊಡುತ್ತಾರೆ. ಉದ್ದ ಜಾಸ್ತಿ ಇರುವ, ನೀರಿನಲ್ಲಿ ಆಳಕ್ಕೆ ಮುಳುಗುವ ಹಡಗುಗಳು ಅನುಭವ ಕೂಡಿದಂತೆ ಹಂತಹಂತವಾಗಿ ಸಿಗುತ್ತವೆ.